ಮೂರನೇ ತೊಟ್ಟಿ

"ಕಣ್ಣೇನು ನೆತ್ತಿ ಮೇಲಿದೆಯೇನೇ, ಮುಂಡೇದೆ? ದರ್ಜಿ ನಲವತ್ತು ಜನಕ್ಕೆ ಬಟ್ಟೆ ರೆಡಿ ಅಂತ ಕಳಿಸಿದಾನೆ, ಬಿಟ್ಟಿದೀಯಲ್ಲ! ನಿಮ್ಮಪ್ಪನ ಮನೆ ಲೈನಾ ಇದು?"

ಸೂಪರ್‌ವೈಸರ್ ಫೈಲಿನಿಂದ ಅವಳ ತಲೆಗೆ ಬಡಿದ. ಸಾಲಿನಲ್ಲಿದ್ದ ಹತ್ತು ಹೆಂಗಸರಲ್ಲಿ ಒಬ್ಬಳೂ ತಿರುಗಿ ನೋಡಲಿಲ್ಲ.

ಮೊಬೈಲ್ ಕಂಪನಿಯ ಏಳನೇ ಮಹಡಿಯ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವರದು ಜರಡಿ ಹಿಡಿಯುವ ಕೆಲಸ. ಯಂತ್ರಕ್ಕೆ ಅನುಮಾನ ಬಂದ ಮೆಸೇಜುಗಳು ಅವರ ಪರದೆಗೆ ಬರುತ್ತಿದ್ದವು. ಮನೆಯ ಮಾತಾದರೆ ಹಸಿರು ಗುಂಡಿ, ವ್ಯವಹಾರದ್ದಾದರೆ ಕೆಂಪು. ವ್ಯವಹಾರದವರು ಮೆಸೇಜಿಗಿಷ್ಟು ಎಂದು ತೆತ್ತು ಬೇರೆ ದಾರಿಯಲ್ಲೇ ಕಳಿಸಬೇಕು. ಕಂಪನಿ ಕೊಬ್ಬಿದ್ದೇ ಅದರಿಂದ. ಮಾಮೂಲಿ ನಂಬರಿನಿಂದ ಕಳಿಸಿದರೆ ಇಲ್ಲೇ ಅದರ ಕತ್ತು ಹಿಚುಕುತ್ತಿದ್ದರು, ಯಾರಿಗೂ ತಲುಪುತ್ತಿರಲಿಲ್ಲ. ಕಳಿಸಿದವನ ಫೋನಿನಲ್ಲಿ ಮಾತ್ರ 'ಹೋಗಿದೆ' ಎಂದೇ ಕಾಣುತ್ತಿತ್ತು.

ಸಂಜೆ ಒಂದು ಬಂತು. ನಂಬರಿಗೆ ಎಂದಿನಂತೆ ಚುಕ್ಕಿಗಳ ಮರೆ. 'ನಾಳೆ ಮೂರನೇ ತೊಟ್ಟಿಗೆ ಯಾರೂ ಇಳೀಬೇಡಿ. ಗಾಳಿ ಕೆಟ್ಟಿದೆ.' ಅರವತ್ತೆರಡು ಜನಕ್ಕೆ.

"ಸಾರ್, ಇದು ಜೀವದ್ ವಿಷ್ಯ ಇದ್ದಂಗಿದೆ."

"ಇಳೀಬೇಡಿ ಅಂದ್ರೆ ಕೆಲಸದ ಮಾತು. ಕೆಲಸದ ಮಾತು ಅಂದ್ರೆ ವ್ಯಾಪಾರ. ಒತ್ತೇ."

"ಗಾಳಿ ಕೆಟ್ಟಿದೆ ಅಂತ..."

"ನಿನ್ ತಲೆ ಕೆಟ್ಟಿದೆ. ನಾಳೆಯಿಂದ ಮನೇಲಿ ಬಿದ್ದಿರ್ತೀಯಾ?"

ಅವಳು ಕೆಂಪು ಒತ್ತಿದಳು.

ಮರುದಿನ ಕೆಲಸ ಮುಗಿಸಿ ಬಂದಾಗ ಅವಳ ಬೀದಿಯಲ್ಲಿ ಜನ ಯಾರನ್ನೋ ಕೆಡವಿಕೊಂಡು ತುಳಿಯುತ್ತಿದ್ದರು. ಸಂದಿಯಲ್ಲಿ ಇಣುಕಿದಳು. ಅಪ್ಪ! ಬಣ್ಣದ ಕಾರ್ಖಾನೆಯಲ್ಲಿ ಮೇಸ್ತ್ರಿ. ತೊಟ್ಟಿಗೆ ಆಳು ಇಳಿಸಬೇಡಿ ಎಂದಿದ್ದಕ್ಕೆ ಮಾಲೀಕ ಮೊನ್ನೆಯಷ್ಟೇ ಅವನನ್ನು ಬೇರೆ ಊರಿನ ಕೆಲಸಕ್ಕೆ ಅಟ್ಟಿದ್ದ. ಇವತ್ತು ಬೆಳಿಗ್ಗೆ ತೊಟ್ಟಿ ತೊಳೆಯಲು ಇಳಿದ ಅಣ್ಣತಮ್ಮಂದಿರಿಬ್ಬರು ಹೆಣವಾಗಿ ಮೇಲೆ ಬಂದಿದ್ದರು. ಸುದ್ದಿ ಕೇಳಿ ಅಪ್ಪ ಓಡಿ ಬಂದಿದ್ದ.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲೋ ಬೇವರ್ಸಿ!" ದೊಡ್ಡವನ ಹೆಂಡತಿ ಚಪ್ಪಲಿಯಲ್ಲಿ ಹೊಡೆಯುತ್ತಿದ್ದಳು.

"ಕಳ್ಸಿದೀನಿ ಕಣಮ್ಮಾ, ನೋಡು, ಹೋಗಿದೆ ಅಂತ ಐತೆ ನೋಡು!" ಅಪ್ಪನ ಬಾಯಿ ತುಂಬ ರಕ್ತ. ಒಡೆದ ಫೋನನ್ನು ಎತ್ತಿ ಹಿಡಿದಿದ್ದ.

ಅವಳು ಬಗ್ಗಿ ಓದಿದಳು. ನಿನ್ನೆ ತಾನು ಕೆಂಪು ಒತ್ತಿದ ಅದೇ ಮೂರನೇ ತೊಟ್ಟಿಯ ಮಾತು. ಸುಮ್ಮನಿದ್ದುಬಿಡಬಹುದಿತ್ತು, ಕೇಳುವವರು ಯಾರಿದ್ದರು? ಆದರೆ ಅಪ್ಪನ ಬೆನ್ನಿಗೆ ಇನ್ನೊಂದು ಒದೆ ಬಿತ್ತು.

"ಅಪ್ಪನ್ನ ಬಿಡಿ. ಅದನ್ನ ತಡೆದೋಳು ನಾನು. ಈ ಕೈಯಲ್ಲೇ."

ಒದೆಯುತ್ತಿದ್ದ ಕಾಲುಗಳು ನಿಂತವು. ಅಪ್ಪ ಅವಳತ್ತ ಕಣ್ಣೆತ್ತಿದ. ಮುಖ ಗೋಡೆಗೆ ತಿರುಗಿಸಿದ. ಆಮೇಲೆ ಬಿದ್ದ ಏಟುಗಳಿಗೆ ಅವಳು ಕೈ ಅಡ್ಡ ಹಿಡಿಯಲಿಲ್ಲ. ಮೂಗಿನ ರಕ್ತ ಒರೆಸಿಕೊಂಡು, "ಒತ್ತಿಸ್ದೋನು ಇನ್ನೊಬ್ಬ ಇದಾನೆ. ತೋರಿಸ್ತೀನಿ, ಬನ್ನಿ ಅಕ್ಕಾ," ಎಂದಳು.

ಬೆಳಿಗ್ಗೆ ಇಬ್ಬರು ವಿಧವೆಯರನ್ನೂ ಕಸ ಗುಡಿಸುವವರ ಮೆಟ್ಟಿಲಿನಿಂದ ಹತ್ತಿಸಿದಳು. ಕೋಣೆಗೆ ಹೊಕ್ಕು ಒಳಗಿನಿಂದ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಏಯ್, ಯಾರೇ ಇವ್ರು ಕೊಳಕು ಮುಂಡೇರು?" ಸೂಪರ್‌ವೈಸರ್ ಕುರ್ಚಿಯಿಂದ ಎದ್ದ.

ಸಾಲಿನ ಹೆಂಗಸೊಬ್ಬಳು ತಡೆದಿಟ್ಟ ಮೆಸೇಜು ತೆಗೆದು ಪರದೆಯನ್ನು ಅವನತ್ತ ತಿರುಗಿಸಿದಳು. ಉಳಿದವರು ಎದ್ದು ಸುತ್ತ ನಿಂತರು.

"ಓದೋ," ಎಂದಳು ದೊಡ್ಡವನ ಹೆಂಡತಿ.

"ಅಮ್ಮಾ, ಮೇಲಿನವರಿಗೆ ಹೇಳಿ ಪರಿಹಾರ..."

"ಓದು."

ಅವನು ಓದಿದ.

"ಕೇಳಿಸ್ಲಿಲ್ಲ ನನ್ ಗಂಡಂಗೆ. ಜೋರಾಗಿ."

ಹೊರಗೆ ಕಾವಲಿನವರು ಬಾಗಿಲು ಒದೆಯುತ್ತಿದ್ದರು. ಒಂದೊಂದು ಒದೆಗೂ ಅವಳ ಬೆನ್ನು ಅದುರಿತು. ಅವಳು ಕದಲಲಿಲ್ಲ.

"ಇನ್ನೂ ಜೋರಾಗಿ," ಎಂದಳು ಚಿಕ್ಕವನ ಹೆಂಡತಿ.