ಮೊದಲು ಪ್ಲಗ್ ಕೀಳಿ

ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್, ಟಿಕ್.

ಸೊಸೆ ಕಣ್ಣು ಬಿಟ್ಟಳು. ನಲ್ಲಿಯ ಹನಿಯಲ್ಲ, ಹಲ್ಲಿಯೂ ಅಲ್ಲ. ಕೆಳಗಿನ ಹೊಲಿಗೆ ಕೋಣೆಯಲ್ಲಿ ಕಸೂತಿ ಯಂತ್ರದ ಗುಂಡಿ ಒತ್ತುವ ಸದ್ದು. ಗಂಟೆ ಎರಡು. ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುವ ಅವಳ ಸ್ವಭಾವ ಮನೆಯವರಿಗೆಲ್ಲ ತಮಾಷೆ. ಗಂಡನನ್ನು ಎಬ್ಬಿಸಿದರೆ ನಗುತ್ತಾನೆಂದು ಒಬ್ಬಳೇ ಮೆಟ್ಟಿಲಿಳಿದಳು.

ಆ ಯಂತ್ರದ ಮಾತು ರಾತ್ರಿ ಊಟದ ಹೊತ್ತಿನಲ್ಲೂ ಬಂದಿತ್ತು. ಶನಿವಾರ ಹೊಸದು ಬರುತ್ತದೆ. ಜೊತೆಗೆ ಬರುವ ಮೆಕ್ಯಾನಿಕ್, ಹಳೆಯದರಲ್ಲಿ ಅತ್ತೆ ಇಪ್ಪತ್ತು ವರ್ಷ ಒಂದೊಂದೇ ಚುಕ್ಕಿ ಒತ್ತಿ ಕೂಡಿಟ್ಟ ನಲವತ್ತು ನಮೂನೆಗಳನ್ನು ಹೊಸದರ ಮೆಮೊರಿ ಕಾರ್ಡಿಗೆ ಇಳಿಸಿಕೊಡುತ್ತಾನೆ.

"ಆಮೇಲೆ ನೀನು ಕಾಲು ಚಾಚ್ಕೊಂಡು ಕೂತ್ಕೋಮ್ಮ" ಎಂದಿದ್ದ ಗಂಡ.

"ಕಾಲು ಚಾಚೋಕೆ ಇನ್ನೂ ಹೊತ್ತಿದೆ ಕಣೋ. ಹೊಸದನ್ನೂ ನಾನೇ ನಡೆಸೋದು."

"ಹೋದ ವಾರ ಒಲೆ ಆರಿಸೋದೇ ಮರ್ತಿದ್ದೆ. ಇನ್ನೊಂದು ಎಡವಟ್ಟಾಗ್ಲಿ, ಹೊಸದರ ಹತ್ರಕ್ಕೂ ಬಿಡಲ್ಲ ನೋಡು."

ಯಾವ ಮಾತಿಗೂ ಎರಡು ಮಾತು ಕೊಡುವ ಅತ್ತೆ ಆಗ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಿದ್ದರು.

ಮದುವೆಗೆ ಮುಂಚೆ ಸೊಸೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದವಳು. ಹಿಂದೊಮ್ಮೆ ಅತ್ತೆ, ಇದರ ಹೊಟ್ಟೆಯೊಳಗೆ ಏನಿದೆಯೇ ಎಂದು ಕೇಳಿದ್ದರು.

"ಮೆಮೊರಿ ಅತ್ತೆ. ಅದ್ರಲ್ಲಿ ಮೂರು ಥರ. ಒಂದು, ಕಾರ್ಖಾನೆಯಲ್ಲೇ ಬರೆದಿದ್ದು. ಅಳಿಸೋಕೇ ಆಗಲ್ಲ."

"ಅದು ನಾನು."

"ಇನ್ನೊಂದು, ಕರೆಂಟ್ ಹೋದ ಕೂಡ್ಲೇ ಎಲ್ಲಾ ಮರ್ತುಬಿಡತ್ತೆ."

"ಅದು ನಿನ್ನ ಗಂಡ. ಮೂರನೇದು?"

"ನಿಮ್ಮ ನಮೂನೆಗಳಿರೋದು. ಅದೂ ಮರೆಯೋ ಜಾತಿಯೇ. ಆದ್ರೆ ಅಂಗಿ ಗುಂಡಿಯಷ್ಟು ಒಂದು ಸೆಲ್ ಇದೆ. ಕರೆಂಟ್ ಇಲ್ದಾಗ ಅದು ಎಲ್ಲಾನೂ ಹಿಡ್ಕೊಂಡಿರತ್ತೆ."

"ಹಾಗಾದ್ರೆ ಅದು ನೀನು ಬಿಡು" ಎಂದು ಅತ್ತೆ ನಕ್ಕಿದ್ದರು.

ಅತ್ತೆ ಎಲ್ಲಿ ಶಾಕ್ ಹೊಡೆಸಿಕೊಳ್ಳುತ್ತಾರೋ ಎಂಬ ಭಯಕ್ಕೆ ಅವಳು ಅದೇ ದಿನ ಯಂತ್ರದ ಮೇಲಿನ ಗೋಡೆಗೆ ಚೀಟಿ ಅಂಟಿಸಿದ್ದಳು. ಅಂಗಡಿಯಲ್ಲಿ ಕಲಿತ ಮೊದಲ ಪಾಠ, ದಪ್ಪಕ್ಷರದಲ್ಲಿ: 'ಏನನ್ನೇ ಬಿಚ್ಚುವ ಮುಂಚೆ ಮೊದಲು ಪ್ಲಗ್ ಕೀಳಿ.'

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಹಳೆಯ ಕಸೂತಿ ಬಟ್ಟೆಯ ತುಂಡೊಂದರ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದ್ದರು. ಸೂಜಿಯ ತುದಿಯಿಂದ ಹೊಲಿಗೆ ಎಣಿಸುವುದು, ಗುಂಡಿ ಒತ್ತುವುದು, ಮತ್ತೆ ಎಣಿಸುವುದು.

"ಹನ್ನೊಂದು, ಹನ್ನೆರಡು... ಅಯ್ಯೋ ಹಾಳು ಕೈಯೇ, ಒಂದು ಗಳಿಗೆ ನೆಟ್ಟಗೆ ನಿಲ್ಲಬಾರ್ದಾ!"

ಯಂತ್ರದ ಪರದೆಯ ಮೇಲೆ ಮೂರನೆಯ ನಮೂನೆ ಅರ್ಧ ಮೂಡಿತ್ತು. ಉಳಿದ ಮೂವತ್ತೇಳು ನಮೂನೆಗಳ ಚೌಕಗಳು ಖಾಲಿ. ಮೇಜಿನ ಮೇಲೆ ಪುಟ್ಟ ಸ್ಕ್ರೂಡ್ರೈವರ್, ಪಕ್ಕದ ಬಾಟಲಿ ಮುಚ್ಚಳದಲ್ಲಿ ತೀರಿಹೋದ ಹಳೆಯ ಸೆಲ್.

ಅವಳ ಕಣ್ಣು ಗೋಡೆಯ ಚೀಟಿಗೆ ಹೋಯಿತು. ಸೆಲ್ ಮುಗಿಯುತ್ತ ಬಂದಾಗ ಅತ್ತೆ ಯಾರ ಹಂಗೂ ಬೇಡವೆಂದು ತಾವೇ ಬದಲಿಸಿದ್ದಾರೆ. ಅದನ್ನು ಯಂತ್ರ ಚಾಲೂ ಇರುವಾಗಲೇ ಬದಲಿಸಬೇಕು. ಅವರು ಗೋಡೆ ನೋಡಿ, ಬರೆದಂತೆಯೇ ಮೊದಲು ಪ್ಲಗ್ ಕಿತ್ತಿದ್ದಾರೆ. ಕರೆಂಟೂ ಇಲ್ಲ, ಸೆಲ್ಲೂ ಇಲ್ಲ. ಹಿಡಿದುಕೊಳ್ಳುವವರೇ ಇಲ್ಲದ ಆ ಒಂದು ಗಳಿಗೆಯಲ್ಲಿ ಇಪ್ಪತ್ತು ವರ್ಷ ಹೋಗಿದೆ. 'ಸೆಲ್ ಒಂದನ್ನು ಬಿಟ್ಟು' ಎಂಬ ಮೂರು ಪದ ಸೇರಿಸಲು ಇಷ್ಟು ಹುಷಾರಿನವಳಿಗೆ ಹೊಳೆದಿರಲಿಲ್ಲ.

ಒಳಗೆ ಹೋಗಿ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೆಗಲು ನೆಟ್ಟಗೆ ಮಾಡಿ, "ಹದಿಮೂರು" ಎಂದರು. ಸೊಸೆ ಸದ್ದಾಗದಂತೆ ಹಿಂದೆ ಸರಿದಳು.

ಮೇಲೆ ಗಂಡನಿಗೆ ಎಚ್ಚರವಾಗಿತ್ತು. "ಏನೇ, ಇವತ್ತೂ ಕಳ್ಳರಾ?"

"ಇಲ್ಲ. ರೀ, ಆ ಮೆಕ್ಯಾನಿಕ್ ನಮೂನೆಗಳನ್ನ ಮುಟ್ಟೋದು ಬೇಡ. ನಾನೇ ಇಳಿಸ್ತೀನಿ."

"ನಿಂಗೆ ಬರತ್ತಾ?"

"ಬರತ್ತೆ. ಮೂರು ತಿಂಗಳು ಬೇಕು. ಅತ್ತೆ ಪಕ್ಕದಲ್ಲೇ ಇರ್ಬೇಕು."

"ಮೂರು ತಿಂಗಳಾ! ಅವ್ನು ಹತ್ತು ನಿಮಿಷ ಅಂದ."

"ಆ ನಮೂನೆಗಳು ಅವನು ಕೂತು ಮಾಡಿದ್ದಲ್ವಲ್ಲ, ಅದಕ್ಕೇ."

"ನಿನ್ನ ಹೆದರಿಕೆಗೆ ಮದ್ದಿಲ್ಲ ಕಣೆ. ಏನಾದ್ರೂ ಮಾಡ್ಕೋ" ಎಂದು ಅವನು ಮಗ್ಗುಲಾದ.

ಬೆಳಿಗ್ಗೆ ಅತ್ತೆಯ ಕಿವಿಗೆ ಬೀಳುವಂತೆ ಈ ಮೂರು ತಿಂಗಳ ಮಾತು ಇನ್ನೊಮ್ಮೆ ತೆಗೆಯಬೇಕು. ನಡೆದದ್ದನ್ನು ಅವರಾಗಿ ಹೇಳಿದರೆ ಸರಿ. ಹೇಳದಿದ್ದರೆ, ಹಳೆಯ ಬಟ್ಟೆ ತುಂಡುಗಳನ್ನೆಲ್ಲ ಹುಡುಕಿ ಅವರ ಕೈಗೆಟಕುವಲ್ಲಿ ಇಟ್ಟು ಬರಬೇಕು. ಗೋಡೆಯ ಚೀಟಿ ಕಿತ್ತುಬಿಡೋಣ ಎನಿಸಿತು. ಕಿತ್ತರೆ, ತಾನು ಕಂಡದ್ದು ಅವರಿಗೆ ತಿಳಿದುಹೋಗುತ್ತದೆ. ಅದು ಅಲ್ಲೇ ಇರಲಿ. ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ, ನಮೂನೆಗಳು ಹೋದ ಮಾತು ತನ್ನ ಬಾಯಿಂದ ಯಾರಿಗೂ ಇಲ್ಲ.

ಕೆಳಗೆ ಟಿಕ್ ಎಂದಿತು. ಹೊದಿಕೆಯೊಳಗೆ ಅವಳೂ ಲೆಕ್ಕಕ್ಕೆ ಒಂದು ಬೆರಳು ಮಡಿಚಿದಳು.