ಕೊಟ್ಟಿಗೆ ಕಾಣುವ ಜಾಗ

ನಮ್ಮ ವರ್ಮಾಂಟ್ ಕಣಿವೆಯ ಹೊಲ, ಕಾಡುಗಳು ಮನೆಗಳ ಸಾಲಾಗಬಾರದೆಂದು ಊರಿನವರು ಒಂದು ಸಂಘ ಕಟ್ಟಿಕೊಂಡಿದ್ದೇವೆ. ಜಮೀನು ಮಾಲೀಕರದ್ದೇ; ಆದರೆ ಒಮ್ಮೆ ಸಂಘದೊಂದಿಗೆ ಕರಾರಾದರೆ, ಮುಂದೆ ಯಾರ ಕೈಗೆ ಹೋದರೂ ಅಲ್ಲಿ ಕಟ್ಟಡ ಏಳುವಂತಿಲ್ಲ.

ಹಾರ್ಲನ್ ಕೋಲ್ಬರ್ನ್ ತನ್ನ ಜಮೀನನ್ನೆಲ್ಲ ಹಾಗೆ ಕರಾರಿಗೆ ಒಳಪಡಿಸಲು ಸಿದ್ಧನಿದ್ದ. ಮಗಳು ಥೀಯಾಳಿಗೆಂದು ಒಂದು ಮನೆಯ ಜಾಗವನ್ನು ಮಾತ್ರ ಹೊರಗಿಡಬೇಕಿತ್ತು. ಅಲ್ಲೇ ಜಗಳ. ಅವಳು ಕೇಳಿದ್ದು ಮೇಲಿನ ಹುಲ್ಲುಗಾವಲು. ಅವನ ಹಸುಗಳಿಗೆ ಚಳಿಗಾಲದ ಒಣಹುಲ್ಲು ಬರುವುದು ಅಲ್ಲಿಂದಲೇ. ಅದನ್ನು ಕೊಡುವುದಾದರೆ ಕರಾರೇ ಬೇಡ ಎಂದು ಅವನು; ಬೇರೆ ಜಾಗವಾದರೆ ಪಟ್ಟಣದಲ್ಲೇ ಇರುತ್ತೇನೆಂದು ಅವಳು.

ಸಂಘದ ಪರವಾಗಿ ಜಾಗ ನೋಡಲು ಹೋದವಳು ನಾನು. ಏಪ್ರಿಲ್ ತಿಂಗಳ ಕೆಸರು. ಗೇಟಿನಿಂದ ಹಲಗೆ ಹಾಸಿತ್ತು.

“ಕರುಗಳಿಗೆ ಅಂತ ಹಾಕಿದ್ದು, ನಿಂಗಲ್ಲ ವಿನಿ,” ಎಂದ ಹಾರ್ಲನ್, ನನ್ನ ಮೊಣಕೈ ಹಿಡಿದುಕೊಂಡು.

ಮೇಲಿನ ಹುಲ್ಲುಗಾವಲಿನಲ್ಲಿ ಥೀಯಾ ಕಾದಿದ್ದಳು.

“ಮಹಾರಾಣಿಗೆ ಬೆಟ್ಟ ನೋಡ್ಕೊಂಡು ಕಾಫಿ ಕುಡೀಬೇಕು. ನನ್ನ ಹಸು ಉಪವಾಸ ಇರ್ಬೇಕು,” ಎಂದ.

“ಬೆಟ್ಟ ಬೇಕು ಅಂತ ನಾನು ಯಾವತ್ತಾದ್ರೂ ಅಂದ್ನಾ ಅಪ್ಪ?”

“ಮತ್ತೇನಿದೆ ಇಲ್ಲಿ? ಗಾಳಿ.”

ಅವನು ಬೇಲಿ ನೋಡಲು ಅತ್ತ ಹೋದಾಗ, ಈ ಜಾಗವೇ ಯಾಕೆಂದು ನಾನು ಅವಳನ್ನು ಕೇಳಿದೆ.

“ಇಲ್ಲಿಂದ ಕೊಟ್ಟಿಗೆ ಕಾಣುತ್ತೆ,” ಎಂದಳು.

ಮುಂದೆ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ನಸುಕಿಗೆ ಎದ್ದವರು ಮೊದಲು ನೋಡುವುದು ಪಕ್ಕದವರ ಕೊಟ್ಟಿಗೆಯ ದೀಪ. ಹೊತ್ತಿರದಿದ್ದರೆ ಕೋಟು ಹಾಕಿಕೊಂಡು ಹೋಗುತ್ತಾರೆ. ಬಕೆಟ್ ಕೇಳಲು ಬಂದೆ ಎನ್ನುತ್ತಾರೆ. ಹಾರ್ಲನ್‌ನ ಪಕ್ಕದ ಮನೆ ಹೋದ ವರ್ಷ ಖಾಲಿಯಾಗಿತ್ತು. ಜನವರಿಯಲ್ಲಿ ಅವನು ಹಾಲು ಕರೆಯುವಾಗ ಜಾರಿಬಿದ್ದು, ಹಾಲಿನ ಲಾರಿ ಬರುವವರೆಗೂ ಹಾಗೇ ಬಿದ್ದಿದ್ದ.

“ಅವನಿಗೆ ಹೇಳ್ಬಾರ್ದಾ?”

“ಹೇಳಿದ್ರೆ, ನಂಗ್ಯಾಕೆ ಕಾವಲು, ನಾನೇನು ಹಸುಗೂಸಾ ಅಂತಾನೆ.”

ಅವನು ಹಿಂದಿರುಗಿದಾಗ ನಾನೇ ಕೇಳಿದೆ: “ಹಾರ್ಲನ್, ನಿನ್ನ ಕೊಟ್ಟಿಗೆ ದೀಪ ಕಾಣೋ ಜಾಗ ಬೇರೆ ಯಾವ್ದಿದೆ?”

ಅವನು ಮಗಳತ್ತ ನೋಡಿದ. ಕೈಗವಸು ತೆಗೆದ, ಮತ್ತೆ ಹಾಕಿಕೊಂಡ.

“ರಸ್ತೆ ಕೆಳಗಿನ ಹಳೇ ಕುರಿದೊಡ್ಡಿ ಇದೆ. ಬರೀ ಕಲ್ಲು, ಹುಲ್ಲೂ ಬರಲ್ಲ. ಬೆಟ್ಟ ಕಾಣಲ್ಲ. ಗಾಳಿ ತಿರುಗಿದ್ರೆ ಸಗಣಿ ವಾಸನೆ ನೇರ ಅಡುಗೆಮನೆಗೆ.”

“ಬರ್ಲಿ ಬಿಡು.”

“ನಿನ್ನ ಗಂಡ ಓಡಿಹೋಗ್ತಾನೆ.”

“ನಿನ್ನ ಜೊತೆ ಮಾತಾಡಿದ ಮೇಲೂ ಓಡಿಹೋಗಿಲ್ಲ ಅವನು.”

ಮೂವರೂ ಕುರಿದೊಡ್ಡಿಗೆ ಇಳಿದೆವು. ಥೀಯಾ ಕಲ್ಲುಗಳ ನಡುವೆ ಮನೆಯ ಗುರುತಿಗೆಂದು ಒಂದು ಗೂಟ ನೆಟ್ಟಳು. ಹಾರ್ಲನ್ ಅದರ ಬಳಿ ನಿಂತು ಕೊಟ್ಟಿಗೆಯತ್ತ ನೋಡಿದ.

“ಇಲ್ಲಿ ಪೈನ್ ಮರ ಅಡ್ಡ ಬರುತ್ತೆ,” ಎಂದು ಗೂಟ ಕಿತ್ತು, ಸ್ವಲ್ಪ ಎಡಕ್ಕೆ ಸರಿದು, ಕಲ್ಲಿನಿಂದ ಬಡಿದು ತಾನೇ ನೆಟ್ಟ.