ಒಂಬತ್ತನೆಯ ಗಂಟು

ಚಿಕ್ಕಮ್ಮನ ಮೊಣಕಾಲು ಆಸ್ಪತ್ರೆಯ ಒಂದು ತಾರೀಖಿಗಾಗಿ ಮೂರು ತಿಂಗಳು ಕಾದಿತ್ತು. ಆ ತಾರೀಖು ಕಳೆದ ವಾರ ರದ್ದಾಯಿತು. ರದ್ದು ಮಾಡಿದವಳು ಚಿಕ್ಕಮ್ಮನೇ, ಗೊತ್ತಿಲ್ಲದೆ.

“ತಪ್ಪು ನಂದೇ ಕಣೇ ಪುಟ್ಟಿ,” ಎಂದಳು, ನೋಡಲು ಬಂದ ಅಕ್ಕನ ಮಗಳಿಗೆ. “ನೀನು ಅಷ್ಟು ಚೆನ್ನಾಗಿ ಮಾಡಿಟ್ಟಿದ್ದೀಯ. ನನಗೇ ಎಣಿಸೋಕೆ ಬರಲಿಲ್ಲ.”

ಆಸ್ಪತ್ರೆಯ ವೆಬ್‌ಸೈಟ್ ಮಾಡಿದ್ದು ಪುಟ್ಟಿ. ‘ನಮ್ಮ ಹುಡುಗಿ ಮಾಡಿದ್ದು’ ಎಂದು ಚಿಕ್ಕಮ್ಮ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದಳು.

“ಎಣಿಸೋದು ಅಂದ್ರೆ?”

ಚಿಕ್ಕಮ್ಮ ದರ್ಜಿ. ಕಣ್ಣು ಹೋಗಿ ಆರು ವರ್ಷವಾಗಿತ್ತು. ಹೊಲಿಗೆ ಯಂತ್ರದ ಡ್ರಾಯರಿನಿಂದ ಸಾಲಾಗಿ ಗಂಟು ಹಾಕಿದ ದಾರವೊಂದನ್ನು ತೆಗೆದಳು. ಇನ್ನೊಂದು ಕೈಯಲ್ಲಿ, ಪರದೆಯನ್ನು ಓದಿ ಹೇಳುವ ಫೋನು. ಬೆರಳಿನಿಂದ ಸವರಿದಳು. “ಬಟನ್,” ಎಂದಿತು ಫೋನಿನ ಹೆಣ್ಣು ದನಿ. ಮತ್ತೆ ಸವರಿದಳು. “ಬಟನ್.” ಮತ್ತೊಮ್ಮೆ. “ಬಟನ್.” ಒಂದೊಂದಕ್ಕೂ ಒಂದೊಂದು ಗಂಟು ಬೆರಳಡಿ ಸರಿಯಿತು.

“ಪಾಪ, ಇವಳಿಗೆ ಬರೋದೇ ಒಂದು ಮಾತು,” ಚಿಕ್ಕಮ್ಮ ನಕ್ಕಳು. “ಪಕ್ಕದ ಮನೆಯವರ ಹತ್ರ ಓದಿಸಿ ಗಂಟು ಹಾಕ್ಕೊಂಡೆ. ಎಂಟನೇದು ರದ್ದು, ಒಂಬತ್ತನೇದು ಬರ್ತೀನಿ ಅನ್ನೋದು. ಅವತ್ತು ಒಂಬತ್ತನೇದೇ ಒತ್ತಿದೆ ಅಂದ್ಕೊಂಡೆ. ಖಚಿತವೇ ಅಂತ ಬೇರೆ ಕೇಳ್ತು. ಹೌದು ಅಂದೆ.”

ಪುಟ್ಟಿಗೆ ತಟ್ಟನೆ ಹೊಳೆಯಿತು. ಎರಡು ವಾರದ ಹಿಂದೆ ಪುಟದ ಮೇಲ್ತುದಿಯಲ್ಲಿ ಅಂದಕ್ಕೆಂದು ಹೊಸ ಬಟನ್ ಒಂದನ್ನು ಸೇರಿಸಿದ್ದಳು. ಕೆಳಗಿನವೆಲ್ಲ ಒಂದೊಂದು ಸ್ಥಾನ ಜರುಗಿದ್ದವು. ಎಲ್ಲವೂ ಬರೀ ಚಿತ್ರ. ಓದಿ ಹೇಳುವ ದನಿಗೆ ಒಂದಕ್ಕೂ ಹೆಸರು ಕೊಟ್ಟಿರಲಿಲ್ಲ. ‘ಪರದೆ ನೋಡದೆ, ಕೇಳಿಸಿಕೊಂಡೇ ಬಳಸಿ ಪರೀಕ್ಷಿಸಲಾಗಿದೆ’ ಎಂಬ ಕೆಲಸದ ಪಟ್ಟಿಯ ಸಾಲಿನ ಮುಂದೆ ಮಾತ್ರ ಊಟಕ್ಕೆ ಹೊರಡುವ ಅವಸರದಲ್ಲಿ ಟಿಕ್ ಹಾಕಿದ್ದಳು. ನಿಜವಾಗಿ ಪರೀಕ್ಷಿಸಿದ್ದರೆ ಒಂದು ಗಂಟೆಯ ಕೆಲಸ ಅದು.

ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ತನ್ನ ಬೆನ್ನ ಹಿಂದಿನ ದಿಂಬನ್ನು ಎಳೆದು ಅವಳ ಕಡೆ ಚಾಚಿದಳು. “ತಗೋ. ಕೂತು ಕೂತು ಸೊಂಟ ನೋವು ಅಂತಿದ್ದೆಯಲ್ಲ.”

ಪುಟ್ಟಿ ದಿಂಬು ತೆಗೆದುಕೊಳ್ಳಲಿಲ್ಲ. “ಚಿಕ್ಕಮ್ಮ, ನೀನು ಸರಿಯಾಗೇ ಎಣಿಸಿದ್ದೆ. ನಾನು ಮೇಲೊಂದು ಬಟನ್ ಸೇರಿಸಿದೆ. ಯಾವುದಕ್ಕೂ ಹೆಸರು ಕೊಡಲಿಲ್ಲ. ಕೇಳಿ ನೋಡಿದೀನಿ ಅಂತ ಸುಳ್ಳು ಬರೆದೆ.”

ಚಿಕ್ಕಮ್ಮ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಒಂದು ವಾರದಿಂದ ನನ್ನ ತಲೆ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ ಕಣೇ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅಳತೆ ತಪ್ಪಿದ್ರೆ ಬಿಚ್ಚಿ ಹೊಲೀಬೇಕು, ಇನ್ನೇನು. ಕೂತ್ಕೋ,” ಎಂದಳು ಚಿಕ್ಕಮ್ಮ.

ಪುಟ್ಟಿ ಲ್ಯಾಪ್‌ಟಾಪ್ ತೆರೆದು ಬಟನ್ನುಗಳಿಗೆ ಒಂದೊಂದಾಗಿ ಹೆಸರು ಕೊಡುತ್ತ ಹೋದಳು. ಚಿಕ್ಕಮ್ಮ ಸವರಿ ಕೇಳುತ್ತ ಹೋದಳು. ಹೆಸರು ಕೇಳಿಸಿದಂತೆಲ್ಲ ಒಂದು ಗಂಟು ಬಿಚ್ಚಿದಳು. ಕೊನೆಗೆ ಹೊಸ ತಾರೀಖನ್ನು ತಾನೇ ಒತ್ತಿ ಪಡೆದಳು. ಸಿಕ್ಕಿದ್ದು ಎರಡು ತಿಂಗಳಾಚೆಗೆ.

ದಾರವನ್ನು ಡ್ರಾಯರಿಗೆ ಹಾಕಲು ಎದ್ದಾಗ ಅವಳ ಮೊಣಕಾಲು ಲಟಕ್ಕೆಂದಿತು. ಪುಟ್ಟಿಗೆ ಕೇಳಿಸದಿರಲೆಂದೋ ಏನೋ, ಚಿಕ್ಕಮ್ಮ ಜೋರಾಗಿ ಕೆಮ್ಮಿದಳು.